ಎರವಲು ಧಾಟಿಯೂ ನುಡಿಯ ಮಾತ್ರೆಯೂ: ಜಪಾನಿನ ಒಂದು ಗೀತಸಂಪುಟ ಮತ್ತು ಮಂಗಳೂರು ಸೀಮೆಯ ಹಾಡುಗಳು

ಒಂದು ನಾಡಿನ ಧಾಟಿಯನ್ನು ಇನ್ನೊಂದು ನಾಡಿನ ನುಡಿಗೆ ತೊಡಿಸಿ ಹಾಡುವುದು ಇಂದು ನಿನ್ನೆಯ ವಾಡಿಕೆಯಲ್ಲ. ಹಾಗೆ ತೊಡಿಸಿದ ಹಾಡು ಕೆಲವೊಮ್ಮೆ ಆ ನುಡಿಯದೇ ಸ್ವತ್ತೆನ್ನುವಷ್ಟು ಹೊಂದಿಕೊಳ್ಳುತ್ತದೆ. ಹಲವು ಸಲ ಮಾತ್ರ, ಧಾಟಿ ಇಂಪಾಗಿದ್ದು, ಮಾತು ಅರ್ಥವತ್ತಾಗಿದ್ದು, ಹಾಡುವವನ ಕಂಠವೂ ಚೆನ್ನಾಗಿದ್ದು, ಕೇಳುಗನಿಗೆ ಏನೋ ಒಂದು ನಿರಾಶೆ ಉಳಿಯುತ್ತದೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಅದು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ’ ಎಂಬುದು. ಇದು ಉತ್ತರವಲ್ಲ, ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಹಿಂದಿರುಗಿಸಿದಂತೆ. ಛಂದಸ್ಸನ್ನು ಓದಿದ ವಿದ್ಯಾರ್ಥಿಗೆ ಇದಕ್ಕಿಂತ ಖಚಿತವಾದ, ಬೆರಳ ಮೇಲೆ ಎಣಿಸಿ ತೋರಿಸಬಹುದಾದ ಕೆಲವು ಕಾರಣಗಳು ಕಾಣದೆ ಇರವು. ಅವುಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇಂಥ ವಿಚಾರಕ್ಕೆ ಬಜಪೆಯ ಸುತ್ತಿನ ಊರುಗಳಷ್ಟು ಅನುಕೂಲವಾದ ಕ್ಷೇತ್ರ ವಿರಳ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಂಬ ನಾಲ್ಕು ನುಡಿಗಳು ಇಲ್ಲಿ ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. ಕೊಂಕಣಿ ಕ್ರೈಸ್ತರ ಮದುವೆಯ ಹಿಂದಿನ ದಿನ ರೋಸಿನ ಸಮಾರಂಭದಲ್ಲಿ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ಹೇಳುವ ವೊವಿಯೊ ಹಾಡುಗಳು ಓವಿಯ ಹಳೆಯ ಮಟ್ಟಿನವು. ಮರುದಿನ ಸತ್ಕಾರಕೂಟದಲ್ಲಿ ಅದೇ ಮನೆಯವರು ಕುಣಿಯುವುದು ಕೊಳಲುಕಹಳೆಗಳ ಬ್ಯಾಂಡಿನ ಮೂರೆಣಿಕೆಯ ವಾಲ್ಟ್ಸ್ ಧಾಟಿಗೆ. ಒಂದು ರಾತ್ರಿಯ ಅಂತರದಲ್ಲಿ ಎರಡು ಖಂಡಗಳ ಲಯ! ಬಜಪೆಯ ಗುಡ್ಡದ ಮೇಲಿನ ವಿಮಾನನಿಲ್ದಾಣ ೧೯೫೧ನೆಯ ಡಿಸೆಂಬರ್ ೨೫ರಂದು ಜವಾಹರಲಾಲ ನೆಹರೂ ಅವರ ವಿಮಾನ ಬಂದಿಳಿಯುವುದರೊಡನೆ ತೆರೆಯಿತು. ಪರದೇಶದ ಧಾಟಿಗಳಾದರೋ ಅದಕ್ಕೆ ಬಹುಕಾಲ ಮೊದಲೇ ಹಡಗಿನಲ್ಲಿ ಬಂದು ಇಲ್ಲಿ ನೆಲೆಸಿದ್ದವು.

ಆದರೆ ನಮ್ಮದೇ ಹಾಡುಗಳ ವಿಷಯದಲ್ಲಿ ಭಕ್ತಿಯೋ ಅಭಿಮಾನವೋ ವಿಮರ್ಶೆಗೆ ಅಡ್ಡಬರುವ ಸಂಭವವುಂಟು. ಆದುದರಿಂದ ನಮಗೆ ಯಾವ ಮಮಕಾರವೂ ಇಲ್ಲದ ದೂರದ ಒಂದು ಉದಾಹರಣೆಯನ್ನು ಮೊದಲು ತೆಗೆದುಕೊಂಡು, ಅಲ್ಲಿ ಕಂಡದ್ದನ್ನು ಇಲ್ಲಿಗೆ ಹಚ್ಚಿ ನೋಡುವುದು ಲೇಸು.

ಟೋಕಿಯೊ ನಗರದ ಶಿಬುಯ ಎಂಬ ಪೇಟೆಯಲ್ಲಿ ಪರದೇಶದ ಧ್ವನಿಮುದ್ರಿಕೆಗಳನ್ನು ಮಾರುವ ದೊಡ್ಡ ಅಂಗಡಿಗಳಿದ್ದವು. ೧೯೯೦ರ ದಶಕದಲ್ಲಿ ಅವುಗಳ ನಂಟಿನಿಂದ ಬೆಳೆದ ತರುಣ ಗಾಯಕರ ಒಂದು ಪಂಥಕ್ಕೆ ಶಿಬುಯ-ಕೇ, ಎಂದರೆ ಶಿಬುಯದ ಶೈಲಿ, ಎಂಬ ಹೆಸರು ಬಿತ್ತು. ಇವರಿಗೆ ಪರದೇಶದ ಹಳೆಯ ಧಾಟಿಗಳಲ್ಲಿ ಅಪಾರ ಅಕ್ಕರೆ. ಈ ಪಂಥದ ಮೊದಲಿಗರಲ್ಲಿ ಒಂದಾದ ಫ್ಲಿಪ್ಪರ್ಸ್ ಗಿಟಾರ್ ತಂಡ ೧೯೮೯ರಲ್ಲಿ ಹೊರತಂದ ತನ್ನ ಮೊದಲನೆಯ ಸಂಪುಟದ ಹಾಡುಗಳನ್ನೆಲ್ಲ ಇಂಗ್ಲಿಷಿನಲ್ಲಿಯೇ ಬರೆದು ಹಾಡಿತು. ೧೯೯೦ರ ಎರಡನೆಯ ಸಂಪುಟದಲ್ಲಿ ಜಪಾನೀ ನುಡಿಗೆ ಬಂದಿತು. ಮೊದಲು ಇಂಗ್ಲಿಷಿಗೇ ಏಕೆ ಹೋದರು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಉತ್ತರ ಮುಂದೆ ತಾನಾಗಿಯೇ ದೊರೆಯುತ್ತದೆ.

ಇದೇ ಕಾಲಕ್ಕೆ ಸ್ವೀಡನ್ ದೇಶದ ಕಾರ್ಡಿಗನ್ಸ್ ಎಂಬ ತಂಡದ ‘ಲೈಫ್’ (೧೯೯೫) ಎಂಬ ಸಂಪುಟ ಜಪಾನಿನಲ್ಲಿ ಬಹುವಾಗಿ ಮಾರಾಟವಾಯಿತು. ಅದನ್ನು ಮಾಲ್ಮೊ ನಗರದ ಟ್ಯಾಂಬೊರೀನ್ ಎಂಬ ಧ್ವನಿಮುದ್ರಣಶಾಲೆಯಲ್ಲಿ ರೂಪಿಸಿದವನು ಟೋರೆ ಯೋಹಾನ್ಸನ್. ಹಳೆಯ ಮಾದರಿಯ ಯಂತ್ರಗಳನ್ನೇ ಬಳಸಿ, ಕೊಳಲು, ಕಹಳೆ, ಆರ್ಗನ್ನುಗಳನ್ನು ಮಿತವಾಗಿ ಬೆರೆಸಿ, ೧೯೬೦ರ ದಶಕದ ಹಾಡುಗಳ ಕಾವನ್ನು ಮತ್ತೆ ಬರಿಸುವುದು ಅವನ ವಿಶೇಷ. ಆ ನಾದವನ್ನು ಅರಸಿಕೊಂಡು ಜಪಾನಿನ ಗಾಯಕರು ಮಾಲ್ಮೊಗೆ ಪ್ರಯಾಣ ಮಾಡತೊಡಗಿದರು. ಬಾನಿ ಪಿಂಕ್ ಎಂಬ ಗಾಯಕಿಯ ‘ಹೆವನ್ಸ್ ಕಿಚನ್’ (೧೯೯೭) ಯೋಹಾನ್ಸನನ ಕೈಯಲ್ಲಿ ರೂಪುಗೊಂಡಿತು. ಬ್ರಿಡ್ಜ್ ಎಂಬ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಕಾಜಿ ಹಿದೆಕಿ ಆ ತಂಡ ೧೯೯೫ರಲ್ಲಿ ಮುರಿದ ಮೇಲೆ ಸ್ವತಂತ್ರವಾಗಿ ಹಾಡತೊಡಗಿ, ೧೯೯೭ರಲ್ಲಿ ಅದೇ ಶಾಲೆಯ ನಾದದೊಡನೆ ‘ಮಿನಿಸ್ಕರ್ಟ್’ ಎಂಬ ಸಂಪುಟವನ್ನು ಹೊರತಂದನು. ಸ್ವೀಡಿಷ್ ಪಾಪ್ ಸಂಗೀತದ ಮೇಲಣ ಮೋಹಕ್ಕೆ ಜಪಾನಿನಲ್ಲಿ ಇವನೇ ಮುಖ್ಯ ಪ್ರತಿನಿಧಿ ಎನ್ನಬಹುದು.

ಈ ಸಂಪುಟಕ್ಕೆ ಕೇಳುಗರಿಲ್ಲದೆ ಇರಲಿಲ್ಲ. ಅವನ ಹೆಸರು ನಿಂತುದು ಬಹುಮಟ್ಟಿಗೆ ಅದರಿಂದಲೇ. ಹಾಗಿದ್ದೂ ‘ಲೈಫ್’ ಸಂಪುಟವನ್ನು ಕೇಳಿದ ಕಿವಿಯಿಂದ ಇದನ್ನು ಕೇಳಿದರೆ ನಿರಾಶೆಯಾಗುತ್ತದೆಂದು ನನ್ನ ಅಭಿಪ್ರಾಯ. ಕೋಣೆ ಅದೇ, ಯಂತ್ರ ಅದೇ, ಕುಶಲಕರ್ಮಿ ಅವನೇ. ಬಡಿಸಿದ ಪಾತ್ರೆಗಳೆಲ್ಲ ಸರಿಯಾಗಿವೆ, ಅಡುಗೆ ಮಾತ್ರ ಸಪ್ಪೆ. ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಒಂದು ಮನೋಧರ್ಮಕ್ಕೆ ಸಂಬಂಧಿಸಿದ್ದು, ಇನ್ನೊಂದು ಮಾತ್ರೆಗೆ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಸ್ವೀಡಿಷ್ ಪಾಪ್ ಎಂಬುದು ತಾನೇ ಒಂದು ಎರವಲು. ೧೯೭೪ರಲ್ಲಿ ‘ವಾಟರ್‌ಲೂ’ ಹಾಡಿನಿಂದ ಜಗತ್ತಿಗೆ ಪರಿಚಿತವಾದ ಆಬಾ ತಂಡದಿಂದ ಹಿಡಿದು ಅವರು ಹೊರದೇಶಗಳಿಗಾಗಿ ಹಾಡಿದ್ದು ಇಂಗ್ಲಿಷಿನಲ್ಲಿ. ಕಾರ್ಡಿಗನ್ಸ್ ತಂಡದ ಮೂಲಸದಸ್ಯರು ಹೆವಿ ಮೆಟಲ್ ಎಂಬ ಕರ್ಕಶ ಸಂಗೀತದ ಹಿನ್ನೆಲೆಯಿಂದ ಬಂದವರು. ತಮ್ಮ ೧೯೯೪ರ ಸಂಪುಟದಲ್ಲಿ ಬ್ಲ್ಯಾಕ್ ಸ್ಯಾಬತ್ ತಂಡದ ಹಾಡೊಂದನ್ನು ಲಾಲಿಯಂತೆ ಮೆಲ್ಲಗೆ ಹಾಡಿ ತೋರಿಸಿದರು. ಎಂದರೆ ಅವರ ಸವಿ ಒಂದು ಬಗೆಯ ವಕ್ರೋಕ್ತಿ. ನೀನಾ ಪೆರ್ಸನ್ನಳ ತಣ್ಣನೆಯ ಕಂಠ ಆ ಸವಿಯನ್ನು ತಾನು ಪೂರ್ತಿ ನಂಬದವಳಂತೆ ಹಾಡುತ್ತದೆ. ಹಿಂಬಾಲಿಸಿದವನು ಸವಿಯನ್ನು ಸವಿಯೆಂದೇ ತೆಗೆದುಕೊಂಡನು. ಧಾಟಿ ದಾಟಿ ಬಂತು. ಅದರ ಓರೆನೋಟ ಆಚೆಯೇ ಉಳಿಯಿತು. ನಮ್ಮಲ್ಲಿಯೂ ವ್ಯಂಗ್ಯಕಾವ್ಯದ ಭಾಷಾಂತರದಲ್ಲಿ ಹೀಗಾಗುವುದನ್ನು ಕಾಣುತ್ತೇವೆ.

ಎರಡನೆಯ ಕಾರಣ ಕನ್ನಡ ಛಂದಸ್ಸಿನ ವಿದ್ಯಾರ್ಥಿಗೆ ವಿಶೇಷವಾಗಿ ಆಸಕ್ತಿಯದು. ಜಪಾನೀ ನುಡಿಯಲ್ಲಿ ಕಾಲದ ಘಟಕವು ಅಕ್ಷರವಲ್ಲ, ನಮ್ಮ ಮಾತ್ರೆಯನ್ನು ಬಹುವಾಗಿ ಹೋಲುವ ಒಂದು ಅಳತೆ. ಹ್ರಸ್ವಸ್ವರಕ್ಕೆ ಒಂದು, ದೀರ್ಘಕ್ಕೆ ಎರಡು. ಪದದ ನಡುವಣ ಒತ್ತಿದ ವ್ಯಂಜನಕ್ಕೆ ಒಂದು, ಕೊನೆಯ ನಕಾರಕ್ಕೆ ಒಂದು. ‘ನಿಪ್ಪೊನ್’ ಎಂಬ ದೇಶನಾಮ ಅವರಿಗೆ ನಾಲ್ಕು ಘಟಕ. ನಾವು ಪ್ರಸ್ತಾರ ಹಾಕಿದರೂ ನಿ ಗುರು, ಪ್ಪೊನ್ ಗುರು, ಒಟ್ಟು ನಾಲ್ಕೇ ಮಾತ್ರೆ! ‘ಟೋಕ್ಯೋ’ ಎಂಬುದೂ ಇಬ್ಬರ ಲೆಕ್ಕದಲ್ಲಿಯೂ ನಾಲ್ಕು. ಅವರ ಹಾಯ್ಕುವಿನ ೫–೭–೫ ಎಂಬ ಎಣಿಕೆ ಈ ಮಾತ್ರೆಗಳದೇ ಹೊರತು, ಇಂಗ್ಲಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೇಳುವಂತೆ ಅಕ್ಷರಗಳದಲ್ಲ. ಹ್ರಸ್ವದೀರ್ಘಗಳಿಂದ ಅರ್ಥವೂ ಬದಲಾಗುತ್ತದೆ: ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ನಮ್ಮ ದಿನ–ದೀನ, ಬಲ–ಬಾಲಗಳಂತೆ.

ಇಂಗ್ಲಿಷಿನ ರೀತಿ ಬೇರೆ. ಅಲ್ಲಿ ಲಯವನ್ನು ಹಿಡಿದು ನಿಲ್ಲಿಸುವುದು ಸ್ವರಾಘಾತ. ಆಘಾತವುಳ್ಳ ಅಕ್ಷರ ನಿಂತು ಕೇಳಿಸುತ್ತದೆ. ಅವುಗಳ ನಡುವಣ ಅಕ್ಷರಗಳು, ಎರಡಿರಲಿ ಮೂರಿರಲಿ, ಹೇಗೋ ಒತ್ತಿಕೊಂಡು ಸಾಗುತ್ತವೆ. ಇಂಗ್ಲಿಷ್ ಮಾತಿಗೆಂದು ಹುಟ್ಟಿದ ಧಾಟಿಯಲ್ಲಿ ಉದ್ದದ ಸ್ವರಗಳು ಆಘಾತಾಕ್ಷರಗಳಿಗೂ ಗಿಡ್ಡವು ಉಳಿದವಕ್ಕೂ ಮೀಸಲು. ಎಂಟು ಸ್ವರಗಳ ಒಂದು ಸಾಲಿನಲ್ಲಿ ಎಂಟು ಅಕ್ಷರಗಳನ್ನಿಟ್ಟು ಇಂಗ್ಲಿಷಿನವನು ಆರು ಪದಗಳ ಪೂರ್ಣವಾಕ್ಯವನ್ನೇ ಹೇಳಬಲ್ಲನು. ಅದೇ ಎಂಟು ಸ್ವರಗಳಿಗೆ ಜಪಾನಿಯವನು ಮಾತ್ರೆಗೊಂದರಂತೆ ಹಂಚಿದರೆ ಎರಡು ಅಥವಾ ಮೂರು ಪದಗಳಿಗೆ ಸಾಲು ಮುಗಿಯುತ್ತದೆ. ಆದಕಾರಣ ಮಾತು ತೆಳ್ಳಗಾಗುತ್ತದೆ. ತೆಳುವನ್ನು ತುಂಬಿಸಲು ಅಲ್ಲಲ್ಲಿ ಇಂಗ್ಲಿಷ್ ಪದಗಳನ್ನು ಸೇರಿಸಿದರೆ ಅವೂ ಜಪಾನೀ ಬಾಯಲ್ಲಿ ಹಿಗ್ಗುತ್ತವೆ. ಕಾಜಿಯ ಸಂಪುಟದ ಹೆಸರನ್ನೇ ನೋಡಬಹುದು. ಇಂಗ್ಲಿಷಿನಲ್ಲಿ ‘ಮಿನಿ ಸ್ಕರ್ಟ್’ ಮೂರು ಅಕ್ಷರಗಳ ಮಾತು. ಜಪಾನಿನಲ್ಲಿ ಅದು ‘ಮಿನಿಸುಕಾತೊ’, ಆರು ಮಾತ್ರೆ. ನಮ್ಮ ಹಳ್ಳಿಯವರು ಹೇಳುವ ‘ಮಿನಿಸ್ಕರ್ಟು’ ಸಹ, ಒಂದು–ಎರಡು–ಎರಡು–ಒಂದು, ಆರೇ ಮಾತ್ರೆ ಆಗುತ್ತದೆಂಬುದು ಒಂದು ವಿನೋದ. ಫ್ಲಿಪ್ಪರ್ಸ್ ಗಿಟಾರ್ ತಂಡದವರು ಮೊದಲು ಇಂಗ್ಲಿಷಿಗೆ ಹೋದುದರ ಗುಟ್ಟು ಇಲ್ಲಿದೆ: ತಾವು ಒಲಿದ ಧಾಟಿಗಳು ಆ ನುಡಿಯ ಅಳತೆಗೆ ಕತ್ತರಿಸಿದವು.

ಹಾಗಾದರೆ ಜಪಾನೀ ನುಡಿಗೆ ಪಶ್ಚಿಮದ ಧಾಟಿ ಒಗ್ಗುವುದೇ ಇಲ್ಲವೆನ್ನಬಹುದೆ? ಹಾಗೆನ್ನುವಂತಿಲ್ಲ. ೧೮೮೧ರಲ್ಲಿ ಅಲ್ಲಿಯ ಸರ್ಕಾರ ಪ್ರಕಟಿಸಿದ ಶಾಲಾಗೀತೆಗಳ ಪುಸ್ತಕದಲ್ಲಿ ‘ಆಲ್ಡ್ ಲ್ಯಾಂಗ್ ಸೈನ್’ ಎಂಬ ಸ್ಕಾಟ್ಲೆಂಡಿನ ಹಾಡಿನ ಧಾಟಿಗೆ ‘ಹೊತಾರು ನೊ ಹಿಕಾರಿ’ ಎಂಬ ಜಪಾನೀ ಪದ್ಯವನ್ನು ಹೊಂದಿಸಲಾಗಿತ್ತು. ಇಂದಿಗೂ ಶಾಲೆಯ ಬೀಳ್ಕೊಡುಗೆಯಲ್ಲಿ ಅದನ್ನು ಹಾಡುತ್ತಾರೆ. ಅಂಗಡಿ ಮುಚ್ಚುವ ಹೊತ್ತಿಗೆ ಆ ಧಾಟಿಯನ್ನು ನುಡಿಸುವುದು ರೂಢಿಯಾಗಿದೆ. ಅದು ಪರದೇಶದ್ದೆಂಬ ನೆನಪೂ ಎಷ್ಟೋ ಜನರಿಗಿಲ್ಲ. ಆ ಧಾಟಿ ಐದೇ ಸ್ವರಗಳದು, ನಮ್ಮ ಮೋಹನರಾಗದ ಸ್ವರಗಳೇ. ಐದು ಸ್ವರಗಳ ಹಾಡು ಜಪಾನೀ ಕಿವಿಗೆ ಮೊದಲೇ ಪರಿಚಿತ. ಪದ್ಯವಾದರೋ ಅವರ ಹಳೆಯ ಏಳು–ಐದು ಮಾತ್ರೆಗಳ ಮಟ್ಟಿನದು. ಧಾಟಿಯ ನಡೆ ಸಾವಧಾನ, ಸ್ವರಗಳು ಬಹುಮಟ್ಟಿಗೆ ಬಿಡಿಬಿಡಿ. ಹೀಗೆ ನುಡಿಗೆ ಕುಳಿತುಕೊಳ್ಳಲು ಎಡೆಯಿತ್ತು.

ಈ ಬೆಳಕಿನಲ್ಲಿ ನಮ್ಮ ಕರಾವಳಿಗೆ ಬರೋಣ. ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಬೈಬಲಿನ ಹೊಸ ಒಡಂಬಡಿಕೆ ೧೮೪೭ರ ಹೊತ್ತಿಗೆ ಕನ್ನಡ ಲಿಪಿಯಲ್ಲಿ ತುಳುವಿಗೆ ಬಂದಿತು. ಅವರು ತಮ್ಮೊಂದಿಗೆ ಜರ್ಮನಿಯ ಸಭಾಗೀತಗಳ ಧಾಟಿಗಳನ್ನು ತಂದು, ತುಳು ಮತ್ತು ಕನ್ನಡ ಪದಗಳನ್ನು ಅವಕ್ಕೆ ಜೋಡಿಸಿ ಸಭೆಯಲ್ಲಿ ಹಾಡಿಸಿದರು. ಆ ಧಾಟಿಗಳು ಕೂಡ ಜರ್ಮನಿಯಲ್ಲಿ ಹುಟ್ಟಿನಿಂದಲೇ ದೇವಾಲಯದವೆಂದು ತಿಳಿಯಬಾರದು. ಕ್ರಿಸ್ತನ ಶಿಲುಬೆಯ ಯಾತನೆಯನ್ನು ಕುರಿತ ಅತ್ಯಂತ ಗಂಭೀರವಾದ ಒಂದು ಧಾಟಿ ೧೬೦೧ರಲ್ಲಿ ಹಾನ್ಸ್ ಲಿಯೊ ಹಾಸ್ಲರ್ ಎಂಬಾತ ಪ್ರಕಟಿಸಿದ ಪ್ರೇಮಗೀತೆಯದು. ಅದೇ ಮುಂದೆ ಬಾಖನ ಮಹಾಕೃತಿಯಲ್ಲಿ ಸೇರಿತು. ಎರವಲು ತಂದದ್ದೆಂಬ ಕಾರಣದಿಂದಲೇ ಒಂದು ಹಾಡನ್ನು ಕೀಳೆನ್ನುವವರು ಇಂಥ ಸಂಗತಿಗಳನ್ನು ಗಮನಿಸಬೇಕು.

ಜರ್ಮನ್ ಧಾಟಿಗೂ ಕನ್ನಡ–ತುಳು ನುಡಿಗಳಿಗೂ ಮೊದಲ ತೊಡಕು ಸಾಲಿನ ಆರಂಭದಲ್ಲಿಯೇ ಬರುತ್ತದೆ. ಜರ್ಮನಿನಲ್ಲಿ ನಾಮಪದಕ್ಕೆ ಮುಂಚೆ ‘ದೆರ್’, ‘ದೀ’, ‘ಐನ್’ ಎಂಬ ಉಪಪದಗಳೂ ‘ಇಮ್’, ‘ಫೊನ್’ ಮೊದಲಾದ ಸಂಬಂಧಸೂಚಕಗಳೂ ಬರುತ್ತವೆ. ಇವು ಆಘಾತವಿಲ್ಲದ ಹಗುರ ಅಕ್ಷರಗಳು. ಅವುಗಳಿಗೆ ತಕ್ಕಂತೆ ಬಹುಪಾಲು ಧಾಟಿಗಳು ತಾಳದ ಪೆಟ್ಟಿಗೆ ಮೊದಲೇ ಒಂದು ಚಿಕ್ಕ ಸ್ವರದಿಂದ ಹೊರಡುತ್ತವೆ. ಪೆಟ್ಟು ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ಕನ್ನಡದಲ್ಲಿಯೋ ಪ್ರಕೃತಿ ಮೊದಲು, ಪ್ರತ್ಯಯ ಹಿಂದೆ. ‘ಇಮ್ ಹೌಸ್’ ಎಂಬಲ್ಲಿ ಮನೆಯೆಂಬ ಪದ ಕೊನೆಗೆ ಬಂದರೆ, ‘ಮನೆಯಲ್ಲಿ’ ಎಂಬಲ್ಲಿ ಮೊದಲಿಗೇ ಬಂದು ನಿಲ್ಲುತ್ತದೆ. ‘ದೇವರು’ ಎಂಬ ಪದವನ್ನು ಅಂಥ ಧಾಟಿಯ ಮೊದಲಿಗಿಟ್ಟರೆ ದೇ ಎಂಬ ಗುರು ಚಿಕ್ಕ ಸ್ವರದಲ್ಲಿ ಜಾರಿ, ವ ಎಂಬ ಲಘುವಿನ ಮೇಲೆ ತಾಳದ ಪೆಟ್ಟು ಬೀಳುತ್ತದೆ. ಅರ್ಥ ಕೆಡದಿದ್ದರೂ ಪದದ ಬೆನ್ನುಮೂಳೆ ಮುರಿದಂತೆ ಕೇಳಿಸುತ್ತದೆ. ಇನ್ನು ಲಘುವೊಂದು ಉದ್ದದ ಸ್ವರದ ಕೆಳಗೆ ಸಿಕ್ಕಿಬಿದ್ದರೆ ಅರ್ಥವೇ ಕೆಡಬಹುದು. ದೇವರ ಬಲವನ್ನು ಕೊಂಡಾಡಹೊರಟವನು ಯಾವುದನ್ನು ಕೊಂಡಾಡಿದಂತಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಒಂದು ಹ್ರಸ್ವವನ್ನು ಆವರ್ತಗಟ್ಟಲೆ ಎಳೆಯುವುದಿಲ್ಲವೆ? ಎಳೆಯುತ್ತಾರೆ. ಆದರೆ ಅಲ್ಲಿ ಎಳೆತ ರಾಗಕ್ಕಾಗಿ, ಗಮಕದೊಡನೆ ಬರುತ್ತದೆ; ಕೇಳುಗನು ಅದನ್ನು ಮಾತಿನ ಉದ್ದವೆಂದು ಎಣಿಸುವುದಿಲ್ಲ. ಸಭಾಗೀತದಲ್ಲಿಯೂ ಪಾಪ್ ಹಾಡಿನಲ್ಲಿಯೂ ಅಕ್ಷರಕ್ಕೊಂದು ಸ್ವರವೆಂಬುದೇ ನಿಯಮ. ಹಾಗಿರುವಲ್ಲಿ ಸ್ವರದ ಉದ್ದವನ್ನು ಕಿವಿ ತಾನಾಗಿಯೇ ಅಕ್ಷರದ ಉದ್ದವೆಂದು ಓದಿಕೊಳ್ಳುತ್ತದೆ. ಯಕ್ಷಗಾನದ ಭಾಗವತನಿಗೆ ಈ ತೊಂದರೆಯೇ ಇಲ್ಲ. ಮೂರು–ನಾಲ್ಕರ ಗಣಗಳ ಭಾಮಿನಿಯ ನಡೆ ಏಳೆಣಿಕೆಯ ತ್ರಿವುಡೆಗೂ, ಐದರ ಗಣಗಳ ವಾರ್ಧಕದ ನಡೆ ಝಂಪೆಗೂ ಹೊಲಿದು ಕೊಟ್ಟಂತೆ ಹೊಂದುತ್ತವೆ.

ಎರಡನೆಯ ತೊಡಕು ಇದರಿಂದಲೇ ಹುಟ್ಟುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ಗಂಭೀರವಾದುದು. ಐರೋಪ್ಯ ಸಭಾಗೀತ, ಪಾಪ್ ಹಾಡುಗಳ ತಾಳ ಹೆಚ್ಚಾಗಿ ನಾಲ್ಕರದು, ಕೆಲವೆಡೆ ಮೂರರದು. ನಾಲ್ಕು ಮತ್ತು ಮೂರು ಮಾತ್ರೆಗಳ ಗಣಗಳಿಗೆ ಅಲ್ಲಿ ಮನೆಯುಂಟು. ಐದಕ್ಕೂ ಏಳಕ್ಕೂ ಇಲ್ಲ. ಹೀಗಾಗಿ ಅಂಥ ಧಾಟಿಗೆ ಪದ ಬರೆಯುವವನು ತನಗೆ ಗೊತ್ತಿಲ್ಲದೆಯೇ ‘ಮನೆಯಲ್ಲಿ’ ಎಂಬಂಥ ಐದು ಮಾತ್ರೆಯ ಪದಗಳನ್ನು ದೂರಮಾಡುತ್ತ, ಚಿಕ್ಕ ಪದಗಳಿಗೂ ಮೊಟಕು ಪ್ರತ್ಯಯಗಳಿಗೂ ಒಲಿಯುತ್ತಾನೆ. ಕನ್ನಡದ ಸಪ್ತಮೀ ವಿಭಕ್ತಿಯ ರೂಪಗಳು ಹಾಡಿನಿಂದ ಮೆಲ್ಲನೆ ಜಾರಿಹೋಗುವುದು ಭಾಷೆಗೆ ಆಗುವ ನಷ್ಟ; ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈಚೆಗೆ ನಮ್ಮ ಕಾಲೇಜುಗಳ ಉತ್ಸವಗಳಲ್ಲಿ ವಿದ್ಯಾರ್ಥಿಗಳು ತಾವೇ ಪದ ಕಟ್ಟಿ ಗಿಟಾರಿನೊಡನೆ ಹಾಡುವ ಕನ್ನಡ–ತುಳು ಹಾಡುಗಳಲ್ಲಿಯೂ ಇದನ್ನು ಗುರುತಿಸಬಹುದು. ಪದಗಳು ಅವರವೇ, ಅವುಗಳನ್ನು ಆರಿಸಿದ್ದು ಮಾತ್ರ ತಾಳ.

ಸಾಲಿನ ಕೊನೆಯಲ್ಲಿ ತುಳುವಿಗೆ ಬೇರೊಂದು ಕಷ್ಟವಿದೆ. ಜರ್ಮನ್ ಸಭಾಗೀತದ ಪ್ರತಿಯೊಂದು ಸಾಲೂ ಎಳೆದು ನಿಲ್ಲಿಸಿದ ಸ್ವರದಲ್ಲಿ ಮುಗಿಯುತ್ತದೆ. ತುಳುವಿನ ಎಷ್ಟೋ ಪದಗಳು ಮುಗಿಯುವುದು ತುಟಿ ದುಂಡಾಗದೆ ಬಾಯಲ್ಲೇ ಅಡಗುವ ಸಂವೃತ ಉಕಾರದಲ್ಲಿ. ಕನ್ನಡ ಲಿಪಿಯಲ್ಲಿ ಅದಕ್ಕೆ ನೆಟ್ಟಗೆ ಒಂದು ಚಿಹ್ನೆಯೂ ಇಲ್ಲ. ಆ ಸ್ವರವನ್ನು ನಾಲ್ಕು ಎಣಿಕೆಗಳ ಕಾಲ ಎಳೆದರೆ ಅದು ಬೇರೆ ಸ್ವರವಾಗುತ್ತದೆ. ಎಳೆಯದಿದ್ದರೆ ಧಾಟಿ ಕುಂಟುತ್ತದೆ. ಸಂಬೋಧನೆಯ ಏಕಾರ ಇಂಥಲ್ಲಿ ಬಹಳ ಉಪಕಾರಿ. ಪಶ್ಚಿಮದ ಧಾಟಿಯ ಕೀರ್ತನೆಗಳಲ್ಲಿ ಸಾಲುಸಾಲಿಗೂ ದೇವರನ್ನು ಕೂಗಿ ಕರೆಯುವುದಕ್ಕೆ ಭಕ್ತಿಯಷ್ಟೇ ಛಂದಸ್ಸೂ ಕಾರಣವಾಗಿದ್ದೀತು.

ಮಿಶನರಿಗಳಲ್ಲಿಯೇ ಈ ತೊಡಕನ್ನು ಕಂಡುಕೊಂಡವನು ಫರ್ಡಿನಂಡ್ ಕಿಟೆಲ್. ೧೮೫೩ರಲ್ಲಿ ಈ ನಾಡಿಗೆ ಬಂದ ಆತ ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂಬ ಕಾವ್ಯವಾಗಿ ಮಂಗಳೂರಿನಿಂದ ಪ್ರಕಟಿಸಿದನು. ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವನೂ ಆತನೇ. ನಿಘಂಟುಕಾರನೆಂದು ಆತನನ್ನು ಸ್ಮರಿಸುವ ನಾವು ಈ ಎರಡು ಕೃತಿಗಳ ನಡುವಣ ನಂಟನ್ನು ಅಷ್ಟಾಗಿ ವಿಚಾರಿಸಿಲ್ಲ. ಜನ ಹಾಡಬಲ್ಲ ಪದ್ಯವನ್ನು ಬರೆಯಬೇಕಾದವನು ಆ ಜನದ ಗಣಪ್ರಸ್ತಾರವನ್ನು ಕಲಿಯದೆ ಗತ್ಯಂತರವಿಲ್ಲವೆಂದು ಆತನಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಧಾಟಿಯನ್ನು ತಂದು ನುಡಿಯನ್ನು ಬಗ್ಗಿಸುವ ಬದಲು, ಕಥೆಯನ್ನು ತಂದು ನುಡಿಯ ನಡೆಗೆ ಒಪ್ಪಿಸುವುದು ಆತನ ಮಾರ್ಗ. ಇದೇ ಕರಾವಳಿಯ ಮಂಜೇಶ್ವರದ ಗೋವಿಂದ ಪೈಗಳು ಮುಂದೆ ‘ಗೊಲ್ಗೊಥಾ’ದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ಹಾಡಿದುದೂ ಆ ಮಾರ್ಗದಲ್ಲಿಯೇ. ೧೯೧೧ರಲ್ಲಿ ದ್ವಿತೀಯಾಕ್ಷರಪ್ರಾಸವನ್ನು ಕೈಬಿಡುವ ಧೈರ್ಯ ಮಾಡಿದ ಅವರು ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರೂ ಅವರೇ ಎಂಬುದು ನಮ್ಮ ವಿಷಯಕ್ಕೆ ಒಂದು ಆಕಸ್ಮಿಕ ಸೇರಿಕೆ.

ಸಾಲಿನ ಆರಂಭದ ತೊಡಕಿಗೆ ಕನ್ನಡದಲ್ಲಿ ಪರಿಹಾರ ಕಂಡುಹಿಡಿದವರು ಬಿ. ಎಂ. ಶ್ರೀಕಂಠಯ್ಯನವರು. ‘ಇಂಗ್ಲಿಷ್ ಗೀತಗಳು’ (೧೯೨೬) ಸಂಗೀತದ ಪುಸ್ತಕವಲ್ಲವಾದರೂ ಅದರ ಸಮಸ್ಯೆ ಇದೇ. ಅವರು ಆಘಾತದ ಲೆಕ್ಕವನ್ನು ಕನ್ನಡದ ಮೇಲೆ ಹೇರಲಿಲ್ಲ. ಇಂಗ್ಲಿಷ್ ಪದ್ಯದ ನಡೆಯನ್ನು ಕಿವಿಯಲ್ಲಿಟ್ಟುಕೊಂಡು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಲ್ಲಿ ಹೊಸ ಕಟ್ಟುಗಳನ್ನು ಮಾಡಿದರು. ಸಾಲಿನ ಮೊದಲಿಗೆ ತಾಳಕ್ಕೆ ಹೊರತಾಗಿ ನಿಲ್ಲುವ ಪದ್ಮಗಣ, ಕೊನೆಯಲ್ಲಿ ಅರ್ಧಕ್ಕೆ ನಿಲ್ಲುವ ಮುಡಿ ಎಂದು ಈಗ ನಾವು ಪಾಠ ಹೇಳುವ ಎರಡು ಸಾಧನಗಳು ಈ ಬಗೆಯ ರಚನೆಯಿಂದ ನೆಲೆಗೊಂಡವು. ಪದ್ಮಗಣದಲ್ಲಿ ಒಂದು ಚಿಕ್ಕ ಪದವನ್ನೋ ವಿಶೇಷಣವನ್ನೋ ಇರಿಸಿದರೆ ಪೆಟ್ಟು ಮುಖ್ಯಪದದ ಮೊದಲಕ್ಷರಕ್ಕೇ ಬೀಳುತ್ತದೆ. ಜರ್ಮನಿಯವನ ಉಪಪದ ಮಾಡುವ ಕೆಲಸವನ್ನು ನಮ್ಮ ‘ಆ’, ‘ಈ’, ‘ನಿನ್ನ’ ಮೊದಲಾದುವು ಮಾಡುತ್ತವೆ. ಸಭಾಗೀತಗಳನ್ನು ಪರಿಷ್ಕರಿಸುವವರಿಗೆ ಇದು ಇಂದಿಗೂ ಉಪಯುಕ್ತ.

ಇದಕ್ಕೆ ನೂರು ವರ್ಷಗಳಿಗೂ ಹಿಂದೆ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಕಂಪೆನಿ ಸರ್ಕಾರದ ಬ್ಯಾಂಡಿನಲ್ಲಿ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲೊಂದು. ಈ ನೋಟ್ಟುಸ್ವರಗಳಲ್ಲಿ ಗುರುಲಘುಗಳು ಸ್ವರದ ಉದ್ದದೊಡನೆ ಬಹಳ ಎಚ್ಚರದಿಂದ ಕೂಡಿಕೊಂಡಿವೆ. ಮಾತ್ರೆಯ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಅವರ ಕೃತಿಗಳ ಮುಂದೆ ಇವು ಮಕ್ಕಳ ಪಾಠಗಳಾಗಿ ಉಳಿದಿವೆ. ಮಾತ್ರೆ ಸರಿಹೋದ ಮಾತ್ರಕ್ಕೆ ಹಾಡು ಗೆಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡವರ ಸಾಕ್ಷ್ಯ ಬೇಡ. ವಿಲೋಮವಾದ ಪ್ರಯೋಗವೊಂದು ನಮ್ಮ ಕಾಲದಲ್ಲಿ ನಡೆದಿದೆ: ೧೯೭೮ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ಜಿ. ಕೆ. ವೆಂಕಟೇಶರ ಸಂಗೀತದಲ್ಲಿ ರಾಜಕುಮಾರರು ಹಾಡಿದ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡು. ಅದನ್ನು ಕೇಳಿ ನಗುವವರು ಬಹಳ. ನಗುವಿನ ಮೂಲವನ್ನು ಹುಡುಕಿದರೆ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಸಮಮಾತ್ರೆಗಳ ನ್ಯಾಯವನ್ನು ಸಲ್ಲಿಸಿರುವುದೇ ಎಂದು ತೋರುತ್ತದೆ.

ಕೊಂಕಣಿಯ ಸ್ಥಿತಿ ಮೇಲಿನದೆಲ್ಲಕ್ಕಿಂತ ಭಿನ್ನ, ಮತ್ತು ನನ್ನ ವಾದಕ್ಕೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಆ ನುಡಿಯಲ್ಲಿ ಸ್ವರದ ಹ್ರಸ್ವದೀರ್ಘಗಳು ಕನ್ನಡ–ತುಳುಗಳಲ್ಲಿರುವಷ್ಟು ಅರ್ಥಭೇದವನ್ನುಂಟುಮಾಡುವುದಿಲ್ಲ. ಆದಕಾರಣ ಪಶ್ಚಿಮದ ಧಾಟಿ ಅದಕ್ಕೆ ಹೆಚ್ಚು ಎಡವದೆ ಕೂಡಿಕೊಂಡಿತು. ಹದಿನೆಂಟನೆಯ ಶತಮಾನದಲ್ಲಿ ಜೊವಾಕಿಂ ಮಿರಾಂದ ಎಂಬ ಗೋವೆಯ ಪಾದ್ರಿ ರಚಿಸಿದ ‘ರಿಗ್ಲೊ ಜೆಜು ಮೊಳ್ಯಾಂತು’ ಎಂಬ ಗೀತ ಇಂದಿಗೂ ತಪಸ್ಸು ಕಾಲದಲ್ಲಿ ಹಾಡಲ್ಪಡುತ್ತದೆ. ಅದು ಎರವಲೆಂದು ಹಾಡುವವರಿಗೆ ಅನ್ನಿಸುವುದಿಲ್ಲ. ವಿಲ್ಫಿ ರೆಬಿಂಬಸ್ (೧೯೪೨–೨೦೧೦) ಗಿಟಾರು ಕಹಳೆಗಳೊಡನೆ ಹಾಡಿದ ಹಾಡುಗಳು ಬಜಪೆ, ಕಿನ್ನಿಗೋಳಿಗಳ ಮನೆಮನೆಯಲ್ಲಿ ಕೇಳಿಬಂದವು. ಮಾತ್ರೆಯ ಸಂಕಟವಿಲ್ಲದ ಈ ನುಡಿಯಲ್ಲಿಯೇ ಎರವಲಿನ ವಿರುದ್ಧ ಅತ್ಯಂತ ಪ್ರಬಲವಾದ ಆಕ್ಷೇಪ ಹುಟ್ಟಿದುದು ಗಮನಾರ್ಹ. ೧೯೮೬ರಲ್ಲಿ ಎರಿಕ್ ಒಝೇರಿಯೊ ಮೊದಲಾದವರು ಮಂಗಳೂರಿನಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯನ್ನು ಕಟ್ಟಿದುದು ಕೊಂಕಣಿ ಗಾಯನಕ್ಕೆ ಅದರ ಸ್ವಂತ ನಡೆಯನ್ನು ಮತ್ತೆ ತಂದುಕೊಡುವುದಕ್ಕಾಗಿ. ಮಣ್ಣಿನ ಗಡಿಗೆಗೆ ಚರ್ಮ ಬಿಗಿದು ಮಾಡುವ ಗುಮಟೆಯನ್ನು ಅವರು ವೇದಿಕೆಗೆ ತಂದರು. ಇದೇ ಸಂಸ್ಥೆ ೨೦೦೮ರ ಜನವರಿಯಲ್ಲಿ ೪೦ ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ದಾಖಲೆ ಸ್ಥಾಪಿಸಿತು.

ಅವರ ಆಕ್ಷೇಪ ಅಕ್ಷರದ ಉದ್ದವನ್ನು ಕುರಿತದ್ದಲ್ಲ. ಪಶ್ಚಿಮದ ಹಾಡಿನಲ್ಲಿ ಏಕಕಾಲಕ್ಕೆ ಮೂರು ನಾಲ್ಕು ಸ್ವರಗಳನ್ನು ಕೂಡಿಸಿ ನುಡಿಸುವ ಕ್ರಮವುಂಟು. ಧಾಟಿ ಆ ಕೂಟದಿಂದ ಕೂಟಕ್ಕೆ ಹೆಜ್ಜೆಯಿಡುತ್ತದೆ. ವೊವಿಯೊ ಹೇಳುವ ಹೆಂಗಸಾದರೋ ಒಂದೇ ಸ್ವರವನ್ನು ಆಧಾರವಾಗಿ ಹಿಡಿದು ಅದರ ಸುತ್ತ ನಡೆಯುತ್ತಾಳೆ. ಹಿರಿಯಳು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ಹಿಡಿದು ಹೇಳುತ್ತಾರೆ. ಮನೆಯವರ, ನೆಂಟರ ಹೆಸರು ಸೇರಿಸಿ ಆ ಗಳಿಗೆಯಲ್ಲೇ ಸಾಲು ಬೆಳೆಯುತ್ತದೆ. ಬ್ಯಾಂಡಿನ ಹಾಡಿನಲ್ಲಿ ಹಾಗೆ ಸಾಲು ಬೆಳೆಸುವಂತಿಲ್ಲ. ಎಣಿಕೆ ಮೊದಲೇ ನಿಶ್ಚಿತ, ಪದಗಳೂ ನಿಶ್ಚಿತ. ಮಾಲ್ಮೊದಿಂದ ಟೋಕಿಯೊಗೆ ಹೋದ ಧಾಟಿಯಲ್ಲಿ ಓರೆನೋಟ ಕಳೆದುಹೋದಂತೆ, ಇಲ್ಲಿ ಕಳೆದುಹೋಗುವುದು ಸಾಲನ್ನು ಎತ್ತಿಕೊಡುವ ಆ ಹೆಂಗಸಿನ ಅಧಿಕಾರ. ರೋಸಿನ ಹಾಡನ್ನು ಧ್ವನಿಮುದ್ರಿಕೆಯಿಂದ ಕೇಳಿಸುವ ಮನೆಗಳಲ್ಲಿ ಹೆಸರುಗಳನ್ನು ಸೇರಿಸಿ ಸಾಲು ಕಟ್ಟಬಲ್ಲವರು ಯಾರು ಉಳಿದಿದ್ದಾರೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ವಾಡೆಗಳಲ್ಲಿ ವಿಚಾರಿಸಿ, ಅಂಥವರು ಹೇಳಿದ ಸಾಲುಗಳನ್ನು ಗುರುಲಘು ಗುರುತುಗಳೊಡನೆ ಬರೆದಿಟ್ಟುಕೊಳ್ಳಬೇಕು. ಎಳೆದದ್ದನ್ನು ಎಳೆದಂತೆಯೇ ಬರೆಯಬೇಕೇ ಹೊರತು ನಿಘಂಟು ನೋಡಿ ತಿದ್ದಬಾರದು.